ತೌಡಕ್ಕನ ಮೂಗು

ತಕ್ಕಡಿಯಲ್ಲಿಟ್ಟು ನೋಡಿದರೆ ತೌಡಕ್ಕ ಲಾಭದ ಸರಕಲ್ಲ. ಸಣಕಲು ಮೈ, ಚೌಕಾಸಿ ಬಾರದ ನಾಲಿಗೆ, ಸುಳ್ಳು ಹೇಳಹೊರಟರೆ ಕೆಂಪಾಗುವ ಕಿವಿ. ಮೇಲಾಗಿ, ಇನ್ನೂ ಬಾರದ ಕಷ್ಟಕ್ಕೆ ಇವತ್ತೇ ಮುಂಗಡ ಕೊಟ್ಟು ಕೂರುವ ಸ್ವಭಾವ. ಅವಳಲ್ಲಿ ಬೆಲೆ ಬಾಳುವುದು ಒಂದೇ, ಮೂಗು. ದನಗಳಿಗೆ ಹಿಂಡಿ, ತೌಡು ಮಾರುತ್ತಲೇ ಕೂದಲು ಹಣ್ಣಾದ ನನಗೂ ಅಂಥ ಮೂಗಿಲ್ಲ.

ಅವಳ ಕಸುಬು ಹೇಳುವುದಕ್ಕೆ ಸುಲಭ. ಅಕ್ಕಿಗೆ ಪಾಲಿಷ್ ಹಾಕುವಾಗ ಉದುರುವ ತೌಡನ್ನು ಗಿರಣಿಯಿಂದ ತರುವುದು, ಜರಡಿ ಹಿಡಿಯುವುದು, ದೊಡ್ಡ ಬಾಣಲೆಯಲ್ಲಿ ಹುರಿದು ಬ್ರೆಡ್ಡಿನ ಹಿಟ್ಟಿಗೆ ಬೆರೆಸಲು ಬೇಕರಿಗೆ ಕೊಡುವುದು. ಅಕ್ಕಿಯ ಸತ್ತ್ವ ಬಹುಪಾಲು ಆ ಕಂದು ಪುಡಿಯಲ್ಲೇ ಇರುತ್ತದೆ. ನಾವು ಬೆಳ್ಳಗಿರುವುದನ್ನು ತಿಂದು ಗಟ್ಟಿಯಾದದ್ದನ್ನು ಎಮ್ಮೆಗೆ ಹಾಕುವ ಜಾಣರು. ಆದರೆ ತೌಡಿನಲ್ಲಿ ಎಣ್ಣೆಯಿದೆ. ಗಿರಣಿಯಿಂದ ಇಳಿದ ಗಳಿಗೆಯಿಂದಲೇ ಅದು ಕೆಡಲು ಶುರು. ಬೇಗ ಹುರಿದರೆ ಉಳಿಯಿತು, ತಡವಾದರೆ ಕಮಟು ಹತ್ತಿ ಕಹಿಯಾಯಿತು. ಆಮೇಲೆ ಬಾಣಲೆಯಲ್ಲಿ ಎಷ್ಟು ತಿರುವಿದರೂ ಆ ಕಹಿ ಹೋಗುವುದಿಲ್ಲ. ಹಾಗಾಗಿ ಗಿರಣಿಯ ಬಾಗಿಲಿಂದ ಒಲೆಯವರೆಗೆ ಅವಳ ಜೀವ ಕೈಯಲ್ಲಿರುತ್ತಿತ್ತು.

"ಕೆಲಸಕ್ಕೆ ಬಾರದ್ದು ಮಾಡಿದ್ರೆ ತೌಡು ಕುಟ್ಟಿದ ಹಾಗೆ ಅಂತಾರೆ. ನೀನು ಹುರಿಯೋಕೇ ಹೊರಟೆಯಲ್ಲೇ!" ಎಂದು ಅತ್ತೆ ಮೊದಲ ದಿನವೇ ಮೂಗು ಮುರಿದಿದ್ದರು. ಅಂದಿನಿಂದ ಪ್ರತಿ ಬಾಣಲೆ ಇಳಿದಾಗಲೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಥೂ, ದನ ತಿನ್ನೋದು" ಎನ್ನುವರು. ಹಾಗೆನ್ನುತ್ತಿರುವಾಗಲೇ ಕೈ ಎರಡನೇ ಚಿಟಿಕೆಗೆ ಹೋಗಿರುತ್ತಿತ್ತು.

ಬೇಕರಿಯವನು ಆಸ್ಪತ್ರೆಯ ಕ್ಯಾಂಟೀನಿಗೆ ಮೊದಲ ಸಲ ತೌಡಿನ ಬ್ರೆಡ್ಡು ಮಾಡಿಕೊಡಲು ಒಪ್ಪಿದ್ದ. ಇದು ಕುದುರಿದರೆ ದಿನವೂ ಕೆಲಸ, ಕೆಟ್ಟರೆ ಬಾಣಲೆ ಅಟ್ಟಕ್ಕೆ. ಆ ದಿನವನ್ನೇ ನೋಡಿಕೊಂಡು, ಮೂಟೆ ಹೊತ್ತ ಆಟೋ ಸುಡುಬಿಸಿಲಲ್ಲಿ ನಡುದಾರಿಯಲ್ಲಿ ಕೆಟ್ಟು ನಿಂತಿತು. ಬೇರೆ ಗಾಡಿ ಸಿಕ್ಕಿ ತೌಡು ಮನೆ ಸೇರುವಾಗ ಮಧ್ಯಾಹ್ನ ಇಳಿದಿತ್ತು. ಸಾಲದ್ದಕ್ಕೆ ತೌಡಕ್ಕನಿಗೆ ನೆಗಡಿ. ಹುರಿದು ಮೂಗಿನ ಹತ್ತಿರ ಹಿಡಿದರೆ ತೌಡಿಗೂ ಬೂದಿಗೂ ವ್ಯತ್ಯಾಸವೇ ಇಲ್ಲ. ನಾಲಿಗೆಗೂ ಏನೂ ಹತ್ತಲಿಲ್ಲ.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡನ ಬಳಿ ಓಡಿದಳು. "ಸ್ವಲ್ಪ ಮೂಸಿ ನೋಡ್ರೀ."

"ಘಮ್ ಅಂತಿದೆ ಕಣೇ!"

ಸೀದ ಹಾಲಿಗೂ ಘಮ್ ಎಂದಿದ್ದ ಪುಣ್ಯಾತ್ಮ. ಅವನ ಮಾತು ಹಿಡಿದು ಸರಕು ಕಳಿಸುವಂತಿಲ್ಲ. ಇನ್ನು ಅತ್ತೆ. ಅವರು ಯಾವತ್ತೂ ಚೆನ್ನಾಗಿದೆ ಎಂದವರೇ ಅಲ್ಲ, ಅವರನ್ನು ಕೇಳಿ ಏನು ಪ್ರಯೋಜನ? ಆದರೂ ತಟ್ಟೆ ಮುಂದೆ ಹಿಡಿದಳು.

ಅತ್ತೆ ಚಿಟಿಕೆ ಬಾಯಿಗೆ ಹಾಕಿಕೊಂಡರು. ಸೊಸೆಯ ಕೆಂಪು ಮೂಗು, ತುಂಬಿದ ಕಣ್ಣು ನೋಡಿದರು. "ಚೆನ್ನಾಗಿದೆ. ಕಳಿಸು" ಎಂದರು. ಕೈಯನ್ನು ಸೆರಗಿಗೆ ಒರೆಸಿಕೊಂಡರು.

ತೌಡಕ್ಕ ತಟ್ಟೆಯನ್ನು ಮತ್ತೆ ಅವರ ಮುಂದೆ ಹಿಡಿದಳು.

"ಇನ್ನೊಂದು ಚಿಟಿಕೆ ತಗೊಳ್ಳಿ ಅತ್ತೆ."

"ಸಾಕು ಕಣೇ, ಹೊಟ್ಟೆ ತುಂಬಿದೆ."

"ಬೈತಾ ಬೈತಾನೇ ಇನ್ನೊಂದು ಚಿಟಿಕೆ ಎತ್ತೋರು ನೀವು. ಇವತ್ತು ಹೊಗಳಿಬಿಟ್ಟು ಕೈ ಒರೆಸ್ಕೊಂಡ್ರಿ. ನಿಜ ಹೇಳಿ."

ಅತ್ತೆ ಮುಖ ತಿರುಗಿಸಿದರು. "ಕೊನೇಲಿ ಒಂಚೂರು ನಾಲಿಗೆ ಹಿಡಿಯುತ್ತೆ. ತಿನ್ನೋರು ರೋಗಿಗಳು ತಾನೆ? ಅವರ ಬಾಯಿ ಹೇಗೂ ಕಹಿ, ಗೊತ್ತಾಗಲ್ಲ ಬಿಡು."

"ಅಮ್ಮ ಹೇಳಿದ್ದೇ ಸರಿ" ಎಂದ ಗಂಡ, ಸೂಜಿಗೆ ದಾರ ಪೋಣಿಸುತ್ತ.

ತೌಡಕ್ಕ ಫೋನು ಎತ್ತಿಕೊಂಡಳು. ಇಟ್ಟಳು. ಮತ್ತೆ ಎತ್ತಿಕೊಂಡಳು.

"ಎಲ್ಲಮ್ಮಾ ತೌಡು? ಹಿಟ್ಟು ಕಲಸೋಕೆ ಕಾಯ್ತಾ ನಿಂತಿದೀನಿ!" ಬೇಕರಿಯವನು ಗದರಿದ.

"ಇವತ್ತು ಇಲ್ಲ ಸಾರ್. ಕಹಿ ಬಂದಿದೆ."

"ಸಕ್ಕರೆ ಒಂದು ಹಿಡಿ ಜಾಸ್ತಿ ಹಾಕಿದ್ರಾಯ್ತು, ತಗೊಂಡು ಬಾ."

"ಕಮಟು ಸಕ್ಕರೆಗೆಲ್ಲ ಬಗ್ಗಲ್ಲ ಸಾರ್."

"ಹಾಗಾದ್ರೆ ನಾನು ಬೇರೆ ಕಡೆ ನೋಡ್ಕೋತೀನಿ. ನಾಳೆಯಿಂದ ನೀನು ಬರೋದೇ ಬೇಡ."

ಆ ಮೂಟೆಗಳು ನನ್ನ ಅಂಗಡಿಗೆ ಬಂದವು. "ಕಮಟಿದೆ, ಬೇಗ ದಾಟಿಸಿ. ಕರುಗಳಿಗೆ ಬೇಡ" ಎಂದಳು, ನಾನು ಕೇಳುವ ಮೊದಲೇ. ಹೀಗೆ ವ್ಯಾಪಾರ ಮಾಡಿ ಉದ್ಧಾರವಾದವರನ್ನು ನಾನು ಕಂಡಿಲ್ಲ.

ಮನೆಗೆ ಹೋದವಳು ಫೋನನ್ನು ಕಿಟಕಿಯಲ್ಲಿಟ್ಟು ಅದರ ಮುಂದೆಯೇ ಕೂತಳು. ಬಾಣಲೆ ತಿಕ್ಕಿದಳು, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. ಪಕ್ಕದ ಮನೆಯ ಫೋನು ಹೊಡೆದುಕೊಂಡರೂ ಎದ್ದು ನಿಲ್ಲುವಳು. ಗಿರಣಿಯವರಿಗೆ ನಾಳೆ ತೌಡು ಬೇಡವೆನ್ನಬೇಕೇ? ಬೇಡವೆಂದರೆ ಮುಂದೆ ಕೊಟ್ಟಾರೆಯೇ? "ಕೂತ್ಕೋ ಕಣೇ, ನಿನ್ನ ನೋಡಿ ನನಗೆ ತಲೆ ತಿರುಗ್ತಿದೆ" ಎಂದು ಅತ್ತೆ ಗೊಣಗಿದರು. ಆದರೆ ಅವರ ಕಣ್ಣೂ ಕಿಟಕಿಯ ಮೇಲೇ ಇತ್ತು.

ಅದೇ ಹೊತ್ತಿಗೆ ಬೇಕರಿಯವನು ನನ್ನ ಅಂಗಡಿಯಲ್ಲಿದ್ದ. ಹುರಿದ ತೌಡು ಇದೆಯೇ ಎಂದು ಕೇಳಿದ. ಇದೆ ಎಂದು ಬಾಯಿ ತೆರೆದ ಮೂಟೆ ತೋರಿಸಿದೆ. ಒಂದು ಹಿಡಿ ಬಾಯಿಗೆ ತುಂಬಿಕೊಂಡ. ಮರುಗಳಿಗೆ ಬೀದಿಗೆ ಓಡಿ ಉಗಿದ.

"ಇದನ್ನೇನ್ರೀ ಅವಳು ಕೊಡಲ್ಲ ಅಂದಿದ್ದು?"

"ಅದನ್ನೇ."

ಅವನು ನನ್ನ ನೀರಿನ ಚೊಂಬು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಫೋನು ತೆಗೆದ. "ನಾಳೆ ಬೆಳಿಗ್ಗೆ ತರ್ತೀಯೇನಮ್ಮಾ? ಆಟೋ ನಾನೇ ಕಳಿಸ್ತೀನಿ."

ಆ ಕಡೆಯಿಂದ ಸಣ್ಣ ದನಿ. "ತರ್ತೀನಿ ಸಾರ್. ಆದ್ರೆ ನನ್ನ ನೆಗಡಿ ಇನ್ನೂ ಹೋಗಿಲ್ಲ."

"ಮತ್ತೆ ರುಚಿ ನೋಡೋರು ಯಾರು?"

"ಅತ್ತೆ ಇದಾರೆ ಸಾರ್. ಅವರು ಬೈದ್ರೆ ತರ್ತೀನಿ."

ಆಮೇಲೊಮ್ಮೆ ಜ್ವರ ಹಿಡಿದು ನಾನೂ ಆ ಆಸ್ಪತ್ರೆಯಲ್ಲಿ ಮಲಗಿದ್ದೆ. ಏನೂ ಸೇರದ ಬಾಯಿಗೆ ಸೇರಿದ್ದು ಅವಳ ತೌಡಿನ ಬ್ರೆಡ್ಡೊಂದೇ. ಅದಕ್ಕೆ ನಾನು ಅವಳಿಗೆ ಋಣಿ.