ನೋಟ್ಸ್ ಕೊಡದ ಮೇಡಂ

ಮೇಡಂ ಬಲಗೈಯ ನಡುಬೆರಳಲ್ಲಿ, ಉಗುರಿನಿಂದ ಸ್ವಲ್ಪ ಕೆಳಗೆ, ಅವರೆಕಾಳಿನಷ್ಟು ದಪ್ಪ ಒಂದು ಗಂಟಿತ್ತು. ಪೆನ್ನು ಒತ್ತಿ ಒತ್ತಿ ಚರ್ಮ ಜಡ್ಡುಗಟ್ಟಿ ಆದದ್ದು. ಅದರ ಮೇಲೊಂದು ನೀಲಿ ಕಲೆ, ಎಷ್ಟು ತೊಳೆದರೂ ಹೋಗದ್ದು. ಪಾಠ ಮಾಡುತ್ತಾ ಯೋಚನೆಗೆ ಬಿದ್ದರೆ ಹೆಬ್ಬೆರಳಿನಿಂದ ಆ ಗಂಟನ್ನು ಉಜ್ಜುತ್ತಾ ನಿಂತುಬಿಡುತ್ತಿದ್ದರು. ಮೊದಲ ಬೆಂಚಿನ ನನಗೆ ಇಂಗ್ಲಿಷಿಗಿಂತ ಮುಂಚೆ ಪರಿಚಯವಾದದ್ದು ಆ ಬೆರಳು.

ಅದು ಪಿಎಚ್‌ಡಿ ಕೊಟ್ಟ ಗಂಟು. ಡಿಗ್ರಿಯನ್ನು ಮಾತ್ರ ಅದು ಕೊಡಲಿಲ್ಲ. ಐನೂರು ಪುಟದ ಪ್ರಬಂಧವನ್ನು ಮೇಡಂ ಮೂರು ಸಲ ಕೈಯಲ್ಲಿ ಬರೆದಿದ್ದರು. ಪ್ರತಿ ಸಲವೂ ಮೈಸೂರಿನ ಮಾರ್ಗದರ್ಶಕರು ತಿಂಗಳುಗಟ್ಟಲೆ ಇಟ್ಟುಕೊಂಡು, "ಇನ್ನೊಂದ್ಸಲ ತಿದ್ದಿ ತನ್ನಿ" ಎಂದು ವಾಪಸ್ ಕೊಡುತ್ತಿದ್ದರಂತೆ. ಏನು ತಿದ್ದಬೇಕೆಂದು ಹೇಳುತ್ತಿರಲಿಲ್ಲ. ಯೂನಿವರ್ಸಿಟಿ ಒಪ್ಪಿದ ವಿಷಯವನ್ನು ಈ ಮನುಷ್ಯ ಒಪ್ಪಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗೆ.

ವಿಷಯವೇನು ಗೊತ್ತೇ? ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಬರುವ ಮನೆಗೆಲಸದ ಹೆಂಗಸರು. ಒಂದು ದಿನ ಮೇಡಂ ಕ್ಲಾಸಿನಲ್ಲೇ ಹೇಳಿದ್ದರು: "ಬಾಗಿಲು ತೆಗೀತಾಳೆ, ಟೀ ತಂದಿಡ್ತಾಳೆ, ಹೋಗ್ತಾಳೆ. ಎಷ್ಟೋ ಕಡೆ ಅವಳಿಗೊಂದು ಹೆಸರೂ ಇರಲ್ಲ. ಅಡುಗೆಮನೆಗೆ ಹೋದ್ಮೇಲೆ ಅವಳು ಅತ್ತಳಾ, ನಕ್ಕಳಾ, ಉಳಿದ ಟೀ ಕುಡಿದಳಾ, ಯಾರೂ ಹಿಂದೆ ಹೋಗಿ ನೋಡ್ಲಿಲ್ಲ. ನಾನು ಹೋಗಿ ನೋಡ್ತಾ ಇದೀನಿ." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ನಗು ಬರಲಿಲ್ಲ. ಮೇಡಂ ತಾಯಿ ಅರಸೀಕೆರೆ ರೈಲ್ವೆ ಆಫೀಸರುಗಳ ಬಂಗಲೆಯಲ್ಲಿ ಪಾತ್ರೆ ತೊಳೆದವರು ಎಂಬುದು ನನಗೆ ಗೊತ್ತಿತ್ತು. ತಂದೆ ರೈಲು ಹಳಿ ರಿಪೇರಿಯ ಗ್ಯಾಂಗ್‌ಮನ್. ಆ ಮನೆಯ ದೊಡ್ಡ ಮಗಳು ಮೈಸೂರಿಗೆ ಹೋಗಿ ಇಂಗ್ಲಿಷ್ ಎಂ.ಎ.ಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿ ಬಂದಿದ್ದಳು. ಬಂದದ್ದಕ್ಕೆ ಊರು ಕೊಟ್ಟ ಬಹುಮಾನ, ಅರಸೀಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಪಾರ್ಟ್‌ಟೈಮ್ ಕೆಲಸ. ಜೂನ್‌ನಲ್ಲಿ ಆರ್ಡರ್, ಮಾರ್ಚ್‌ನಲ್ಲಿ ಮುಕ್ತಾಯ. ಮತ್ತೆ ಮುಂದಿನ ಜೂನ್‌ವರೆಗೆ ಉಸಿರು ಬಿಗಿಹಿಡಿದು ಕೂರಬೇಕು. ಹನ್ನೊಂದು ವರ್ಷ ಹಾಗೆಯೇ ನಡೆದಿತ್ತು. ಸ್ಟಾಫ್ ರೂಮಿನಲ್ಲಿ ಅವರ ಬೆನ್ನ ಹಿಂದೆ ಆಡುತ್ತಿದ್ದ ಮಾತು, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ."

ನಾನು ಜಾವಗಲ್‌ನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಹುಡುಗಿ. ರಾಗಿ ಹೊಲ, ತೆಂಗಿನ ತೋಟ, ಉಣ್ಣುವುದಕ್ಕೆ ಕೊರತೆಯಿಲ್ಲ. ತೊಂಬತ್ತರ ದಶಕದ ನಡುವಿನ ಆ ಹೊತ್ತಿಗೆ ನಮ್ಮ ಕಡೆ ಡಿಗ್ರಿ ಓದುವುದೆಂದರೆ ನೋಟ್ಸ್ ಬರೆದುಕೊಳ್ಳುವುದು. ಮೇಷ್ಟ್ರು ಕೂತು ಹೇಳುತ್ತಾರೆ, ನಾವು ಬಗ್ಗಿ ಬರೆಯುತ್ತೇವೆ, ಪರೀಕ್ಷೆಯಲ್ಲಿ ಕಾರಿಕೊಳ್ಳುತ್ತೇವೆ. ಒಳ್ಳೆಯ ಮೇಷ್ಟ್ರು ಎಂದರೆ ಒಳ್ಳೆಯ ನೋಟ್ಸ್ ಕೊಡುವವರು. ಮೇಡಂ ನೋಟ್ಸ್ ಕೊಡುತ್ತಿರಲಿಲ್ಲ. ವಾರಕ್ಕೊಂದು ಪುಟ ನಾವೇ ಬರೆದು ತರಬೇಕು, ಇಂಗ್ಲಿಷಿನಲ್ಲಿ. "ಕಂಡದ್ದು ಬರೀರಿ, ಕೇಳಿದ್ದು ಬೇಡ" ಎನ್ನುತ್ತಿದ್ದರು. ಎಪ್ಪತ್ತು ಜನರ ಎಪ್ಪತ್ತು ಪುಟವನ್ನೂ ಪೆನ್ಸಿಲಿನಲ್ಲಿ ತಿದ್ದಿ ಸೋಮವಾರ ವಾಪಸ್ ಕೊಡುತ್ತಿದ್ದರು. ತಪ್ಪಿಗೆ ಬೈದದ್ದಿಲ್ಲ. ಗೈಡ್ ನೋಡಿ ಬರೆದದ್ದು ಸಿಕ್ಕಿದರೆ ಮಾತ್ರ ಮುಖ ಸಿಂಡರಿಸಿ, "ಇದನ್ನ ಯಾರೋ ಊಟ ಮಾಡಿ ಎದ್ದು ಹೋಗಿದಾರೆ ಕಣೋ" ಎಂದು ಎಂಜಲೆಲೆಯಂತೆ ಎರಡು ಬೆರಳಿನಲ್ಲಿ ಹಿಡಿದು ಎತ್ತಿ ಕೊಡುತ್ತಿದ್ದರು.

ಒಮ್ಮೆ ಎಲ್ಲರನ್ನೂ ಹಳೇಬೀಡಿಗೆ ಕರೆದುಕೊಂಡು ಹೋದರು. ದೊಡ್ಡ ದೇವಸ್ಥಾನ ಬಿಟ್ಟು ಪಕ್ಕದ ಬಸ್ತಿಹಳ್ಳಿಯ ಬಸದಿಗೆ ನಡೆಸಿಕೊಂಡು ಹೋಗಿ, ನೋಡಿ ಬಂದು ಬರೀರಿ ಎಂದರು. ಒಳಗೆ ಕರಿಕಲ್ಲಿನ ನುಣುಪು ಕಂಬಗಳು; ಮುಖ ಕಾಣುತ್ತದೆ. ಮಿಕ್ಕವರೆಲ್ಲ ಹೊಯ್ಸಳರ ಕೀರ್ತಿ ಜಗದ್ವಿಖ್ಯಾತ ಎಂದು ಬರೆದರು. ನಾನು ಬರೆದದ್ದು ಇಷ್ಟು: ನಾವು ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಕಂಬದ ಮುಂದೆ ನಿಂತು ಕೂದಲು ಸರಿಮಾಡಿಕೊಂಡೆವು, ಆಮೇಲೆ ತೀರ್ಥಂಕರನ ಕಡೆ ತಿರುಗಿಯೂ ನೋಡದೆ ಹೊರಗೆ ಬಂದೆವು. ಮೇಡಂ ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇವಳಿಗೆ ಕಣ್ಣಿದೆ ಕಣ್ರೋ" ಎಂದರು. ಅಲ್ಲಿಯವರೆಗೆ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಮೇಲೆ ಸಂಜೆ ಬಸ್ ಸ್ಟ್ಯಾಂಡಿನವರೆಗೂ ಮೇಡಂ ನನ್ನ ಜೊತೆ ನಡೆದು ಬರುವುದಿತ್ತು. ಅವರ ಮನೆ ಸ್ಟೇಷನ್ನಿನ ಹಿಂದೆ. ಅಂಥ ಒಂದು ಸಂಜೆ ಹೇಳಿದರು: ಕಾಲೇಜಿಗೆ ಇಂಗ್ಲಿಷಿನ ಒಂದು ಖಾಯಂ ಹುದ್ದೆ ಮಂಜೂರಾಗಿದೆ. ಪ್ರಿನ್ಸಿಪಾಲರು ಒಳ್ಳೆಯ ಮಾತು ಬರೆದು ಕಳಿಸಿದರೆ, ಆಡಳಿತ ಕಮಿಟಿಯವರು ಒಪ್ಪಿದರೆ, ಆಗುತ್ತದೆ. ಬರುವ ವರ್ಷಕ್ಕೆ ಅವರಿಗೆ ವಯಸ್ಸು ಮೀರುತ್ತದೆ.

"ಈ ಸಲ ಆಗ್ಲಿಲ್ಲ ಅಂದ್ರೆ ಇನ್ನು ಆಗಲ್ಲ ಕಣೇ" ಎಂದರು. "ಅಪ್ಪಂಗೆ ಕಣ್ಣು ಕಾಣಲ್ಲ. ತಂಗಿ ಓದ್ತಾ ಇದಾಳೆ. ನನಗೆ ಬೇರೆ ಏನೂ ಮಾಡಕ್ ಬರಲ್ಲ, ಪಾಠ ಒಂದೇ ಬರೋದು."

ನಾನು, "ಆಗುತ್ತೆ ಬಿಡಿ ಮೇಡಂ" ಎಂದೆ. ನನಗೆ ಎಲ್ಲ ಗೊತ್ತಿತ್ತು ಎಂಬುದಕ್ಕೆ ಇದನ್ನು ಹೇಳುತ್ತಿದ್ದೇನೆ. ಮುಂದೆ ಮಾಡಿದ್ದನ್ನು ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ.

ಜನವರಿಯಲ್ಲಿ ಕ್ಲಾಸಿಗೆ ನಡುಕ ಹತ್ತಿತು. ಪಕ್ಕದ ಸೆಕ್ಷನ್ನಿನವರ ಹತ್ತಿರ ಮುನ್ನೂರು ಪುಟದ ನೋಟ್ಸ್ ಇದೆ, ನಮ್ಮ ಹತ್ತಿರ ಪೆನ್ಸಿಲಿನ ಗೆರೆ ಇರುವ ಹಾಳೆಗಳಿವೆ. ಕೊಬ್ಬರಿ ಮಂಡಿ ಸಾಹುಕಾರರ ಮಗ ನಮ್ಮ ಕ್ಲಾಸ್ ಲೀಡರ್. ಮಧ್ಯಾಹ್ನ ನನ್ನ ಬೆಂಚಿನ ಹತ್ತಿರ ಬಂದ.

"ಪ್ರಿನ್ಸಿಪಾಲ್‌ಗೆ ಅರ್ಜಿ ಹಾಕ್ತಾ ಇದೀವಿ ಕಣ್ರೀ. ಇಂಗ್ಲಿಷ್‌ನಲ್ಲೇ ಇರ್ಬೇಕು, ಕಮಿಟಿಗೂ ಹೋಗುತ್ತೆ. ನೀವೇ ಬರ್ಕೊಡ್ಬೇಕು. ಈ ಕ್ಲಾಸಲ್ಲಿ ಬರಿಯಕ್ ಬರೋದು ನಿಮಗೊಬ್ರಿಗೇ."

ಕಮಿಟಿಯ ಒಬ್ಬರು ಅವನ ದೊಡ್ಡಪ್ಪ, ಅವರ ಸೊಸೆ ಇಂಗ್ಲಿಷ್ ಎಂ.ಎ. ಎಂಬುದು ಇಡೀ ಅರಸೀಕೆರೆಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು. ಇತಿಹಾಸದ ಮೇಷ್ಟ್ರು ನೋಟ್ಸ್ ಇರಲಿ, ಕ್ಲಾಸಿಗೇ ಬರುತ್ತಿರಲಿಲ್ಲ. ಅವರ ಮೇಲೆ ಅರ್ಜಿ ಹಾಕುವ ಯೋಚನೆ ಒಬ್ಬನಿಗೂ ಬರಲಿಲ್ಲ. ಮೇಡಂ ಮನೆಯ ಗೋಡೆಯಲ್ಲಿ ಬುದ್ಧನ ಪಟವಿತ್ತು, ಅವರ ಕೇರಿ ಯಾವುದು ಎಂದು ಎಲ್ಲರೂ ವಿಚಾರಿಸಿಕೊಂಡಿದ್ದರು. ಅರ್ಜಿ ಹಾಕಲು ಕೈ ಅಷ್ಟು ಹಗುರವಾಗಿ ಎದ್ದದ್ದು ಅದಕ್ಕೆ. ನಮ್ಮಂಥ ಮನೆಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಪ್ಪ ಆ ವಾರವೇ ಹೇಳಿದ್ದ, "ಇಂಗ್ಲಿಷ್ನಾಗೆ ಡುಮ್ಕಿ ಹೊಡುದ್ರೆ ಓದಿದ್ದು ಸಾಕು ಕಣವ್ವ. ಬಾಣಾವರದಾಗೆ ಗಂಡೊಂದೈತೆ." ಅಂದರೆ ಹೆದರಿಕೆಗೆ ಕಾರಣವಿತ್ತು. ಆದರೆ ಹೆದರಿ ಬರೆದೆ ಎಂದರೆ ಅರ್ಧ ಸುಳ್ಳಾಗುತ್ತದೆ. ಬರೆಯಕ್ಕೆ ಬರುವುದು ನಿಮಗೊಬ್ಬರಿಗೇ ಎಂದು ಲೀಡರ್ ಅಂದನಲ್ಲ, ಅದಕ್ಕೆ ಬರೆದೆ.

ಚೆನ್ನಾಗಿಯೂ ಬರೆದೆ. ಮೇಡಂ ಕಲಿಸಿದ್ದನ್ನೆಲ್ಲ ಹಾಕಿ ಬರೆದೆ. ಒಂದೂ ಬೈಗುಳವಿಲ್ಲ. ಯಾವ ದಿನ, ಯಾವ ಪೀರಿಯಡ್, ನಾವು ಏನು ಕೇಳಿದೆವು, ಅವರು ಏನೆಂದರು. ನೋಟ್ಸ್ ಕೇಳಿದ್ದಕ್ಕೆ ಕಿಟಕಿ ತೋರಿಸಿ, ಕೊಬ್ಬರಿ ಲಾರಿ ಲೋಡ್ ಮಾಡೋದನ್ನ ನೋಡಿ ಬರೀರಿ ಎಂದದ್ದು. ಪಠ್ಯದ ಎರಡು ಅಧ್ಯಾಯ ಮುಟ್ಟದೆ ಬಸದಿಗೆ ಕರೆದೊಯ್ದದ್ದು. ಎಲ್ಲವೂ ನಡೆದದ್ದೇ. ಒಂದು ಸುಳ್ಳಿದ್ದಿದ್ದರೆ ಮೇಡಂ ಅದನ್ನು ಹಿಡಿದು ಜಗ್ಗಿ ಪಾರಾಗುತ್ತಿದ್ದರೇನೋ. ಕೊನೆಯಲ್ಲಿ ಗ್ರಾಮೀಣ ಬಡ ವಿದ್ಯಾರ್ಥಿಗಳ ಭವಿಷ್ಯ ಕತ್ತಲಾಗಿದೆ ಎಂದು ಒಂದು ಪ್ಯಾರಾವನ್ನು ಲೀಡರ್ ಹೇಳಿ ಬರೆಸಿದ. ಅರವತ್ತೆಂಟು ಜನ ಸಹಿ ಹಾಕಿದರು.

ನಾಲ್ಕು ದಿನದ ಮೇಲೆ ಮೇಡಂ ನನ್ನನ್ನು ಸ್ಟಾಫ್ ರೂಮಿಗೆ ಕರೆದರು. ಬೇರೆ ಯಾರೂ ಇರಲಿಲ್ಲ. ಅರ್ಜಿ ಮೇಜಿನ ಮೇಲಿತ್ತು. ಲೀಡರ್ ಅದನ್ನು ಟೈಪ್ ಮಾಡಿಸಿದ್ದ, ಆದರೂ ನನ್ನನ್ನೇ ಕರೆದಿದ್ದರು.

"ನೀನು ತಾನೆ?" ಎಂದರು.

ನಾನು ನೆಲ ನೋಡಿದೆ.

"ಇಷ್ಟು ದಿನಕ್ಕೆ ಒಂದು ಬರಹ ಬರೆದೆ. ಎಲ್ಲೂ ಒಂದು ಮಾತು ಹೆಚ್ಚಿಲ್ಲ." ಹೆಬ್ಬೆರಳಿನಿಂದ ನಡುಬೆರಳಿನ ಗಂಟನ್ನು ಉಜ್ಜಿದರು. "ಕೊನೇ ಪ್ಯಾರಾ ಬೇರೆ ಯಾರೋ ಹೇಳ್ಕೊಟ್ಟಿದ್ದು. ಅದು ಬೇಕಿರ್ಲಿಲ್ಲ."

ಬೈದಿದ್ದರೆ ಆಗುತ್ತಿತ್ತು. ಕೆನ್ನೆಗೆ ಹೊಡೆದಿದ್ದರೂ ಆಗುತ್ತಿತ್ತು. ಈ ಹೆಂಗಸು ತನ್ನ ಕುತ್ತಿಗೆಗೆ ಬಿದ್ದ ಕತ್ತಿಯ ಸಾಣೆ ಹೇಗಿದೆ ಎಂದು ನೋಡುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಅವರನ್ನು ದೊಡ್ಡವರೆಂದು ಪೂಜೆ ಮಾಡಿ ನಾನು ಹಗುರಾಗಬಹುದಿತ್ತು. ಅಂದು ಸಂಜೆ ನಾನು ಬಸ್ಸಿನಲ್ಲಿ ಕೂತಿದ್ದಾಗ ಮೇಡಂ ಓಡೋಡಿ ಬಂದು ಕಿಟಕಿಯ ಸರಳು ಹಿಡಿದುಕೊಂಡರು. ಸೆರಗು ಜಾರಿತ್ತು, ಏದುಸಿರು ಬಿಡುತ್ತಿದ್ದರು. ಬಸ್ಸಿನ ತುಂಬಾ ನಮ್ಮೂರಿನವರು.

"ಒಂದೇ ಒಂದು ಕಾಗದ ಬರೀ ಕಣೇ. ಮೇಡಂ ನೋಟ್ಸ್ ಕೊಡಕ್ಕೆ ಒಪ್ಕೊಂಡಿದಾರೆ, ನಮಗೆ ದೂರಿಲ್ಲ ಅಂತ. ನೀನು ಬರೆದ್ರೆ ಹುಡುಗ್ರು ಸೈನ್ ಹಾಕ್ತಾರೆ. ಕೊಡ್ತೀನಿ ಕಣೇ, ನೋಟ್ಸ್ ಕೊಡ್ತೀನಿ. ನಾಳೆಯಿಂದ್ಲೇ ಕೊಡ್ತೀನಿ. ಕಮಿಟಿ ಮೀಟಿಂಗು ಶನಿವಾರ."

"ಬರೀತೀನಿ ಮೇಡಂ" ಎಂದೆ. ಬಸ್ಸು ಹೊರಟಿತು. ಪಕ್ಕದ ಹೆಂಗಸು, "ಯಾರವ್ವ ಅದು, ಹಂಗ್ ಅಂಗಲಾಚ್ತಾ ಐತೆ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಮಾರನೆಯ ದಿನ ಮೇಡಂ ಕ್ಲಾಸಿಗೆ ಬಂದು, ಮೊದಲ ಸಲ ಕುರ್ಚಿಯಲ್ಲಿ ಕೂತು, ಒಂದು ಹಳೆಯ ಪುಸ್ತಕ ತೆರೆದು ನೋಟ್ಸ್ ಹೇಳತೊಡಗಿದರು. ಕಾಮಾ, ಫುಲ್‌ಸ್ಟಾಪ್, ನೆಕ್ಸ್ಟ್ ಪ್ಯಾರಾಗ್ರಾಫ್. ಎಪ್ಪತ್ತು ತಲೆಗಳು ಬಗ್ಗಿದವು. ಅಷ್ಟು ನಿಶ್ಶಬ್ದ, ಅಷ್ಟು ಸಂತೋಷ ಆ ಕ್ಲಾಸಿನಲ್ಲಿ ಹಿಂದೆಂದೂ ಇರಲಿಲ್ಲ. ನಡುವೆ ಒಂದೆರಡು ಸಲ ಮೇಡಂ ತಲೆಯೆತ್ತಿ ನನ್ನ ಕಡೆ ನೋಡಿದರು. ಬರೆದೆಯಾ ಎಂದು ಕೇಳುವ ನೋಟ. ನಾನು ನೋಟ್ಸ್ ಬರೆದುಕೊಳ್ಳುತ್ತಿದ್ದೆ.

ಆ ಕಾಗದವನ್ನು ನಾನು ಬರೆಯಲಿಲ್ಲ. ಶುಕ್ರವಾರದವರೆಗೆ ಪ್ರತಿ ದಿನ ನಾಳೆ ಎಂದುಕೊಂಡೆ. ಲೀಡರ್‌ನನ್ನು ಎದುರು ಹಾಕಿಕೊಳ್ಳಲು ಭಯ, ಹುಡುಗರು ನಗುತ್ತಾರೆಂದು ನಾಚಿಕೆ. ಶನಿವಾರ ಕಮಿಟಿ ಕೂತಿತು, ಎದ್ದಿತು. ಜೂನ್‌ನಲ್ಲಿ ಆ ಹುದ್ದೆಗೆ ಲೀಡರ್‌ನ ದೊಡ್ಡಪ್ಪನ ಸೊಸೆ ಬಂದರು. ಮೇಡಂ ಹೇಳಿದ ನೋಟ್ಸ್ ಓದಿ ನಾನು ಇಂಗ್ಲಿಷಿನಲ್ಲಿ ಕ್ಲಾಸಿಗೇ ಮೊದಲು ಬಂದೆ.

ಆಮೇಲೆ ಮೇಡಂ ಬೇಲೂರಿನಲ್ಲಿ ಎರಡು ದಿನ, ಹಳೇಬೀಡಿನಲ್ಲಿ ಮೂರು ದಿನ, ಗಂಟೆ ಲೆಕ್ಕದ ಪಾಠಕ್ಕೆ ಬಸ್ಸು ಹತ್ತುತ್ತಿದ್ದರು ಎಂದು ಕೇಳಿದೆ. ಪ್ರಬಂಧವನ್ನು ಮೈಸೂರಿಗೆ ನಾಲ್ಕನೇ ಸಲ ಒಯ್ಯಲಿಲ್ಲವಂತೆ. ನನಗೆ ಬೇಲೂರಿನ ಸರ್ಕಾರಿ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಇವಳ ಡ್ರಾಫ್ಟ್ ಅಂದ್ರೆ ತಿದ್ದೋ ಹಾಗೇ ಇಲ್ಲ ಎಂದು ಸಾಹೇಬರುಗಳು ಇವತ್ತಿಗೂ ಹೊಗಳುತ್ತಾರೆ. ಒಂದು ದಿನ ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಕಂಡರು. ಕಂಬಕ್ಕೆ ಒರಗಿ ನಿಂತು, ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದು ಓದುತ್ತಿದ್ದರು. ತುಂಬ ಸೊರಗಿದ್ದರು. ನಾನು ಹೋಟೆಲಿನೊಳಗೆ ಹೋಗಿ, ಅವರ ಬಸ್ಸು ಹೋಗುವವರೆಗೂ ಕಾಫಿ ಕುಡಿಯುತ್ತಾ ಕೂತೆ. ಉಂಡ ಮನೆಗೆ ಎರಡು ಬಗೆದವರಿಗೆ ಎದುರು ನಿಲ್ಲುವ ಮುಖ ಎಲ್ಲಿರುತ್ತದೆ?

ಅವರು ಸತ್ತ ಸುದ್ದಿ ತಡವಾಗಿ ಬಂತು. ಕಾಮಾಲೆಯಂತೆ. ಮೊದಮೊದಲು ಲೆಕ್ಕಕ್ಕೆ ತೆಗೆದುಕೊಳ್ಳದೆ ಪಾಠಕ್ಕೆ ಓಡಾಡಿದರಂತೆ. ಹೋಗದಿದ್ದರೆ ಆ ಗಂಟೆ ಬೇರೆಯವರ ಪಾಲಾಗುತ್ತದಲ್ಲ. ಐವತ್ತೂ ಆಗಿರಲಿಲ್ಲ. ತಿಂಗಳಾದ ಮೇಲೆ ನಾನು ಸ್ಟೇಷನ್ನಿನ ಹಿಂದಿನ ಆ ಮನೆಗೆ ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋದದ್ದು. ತಂದೆ ಹಿಂದೆಯೇ ತೀರಿಕೊಂಡಿದ್ದರು. ತಾಯಿ ಮತ್ತು ತಂಗಿ ಇದ್ದರು. ನನ್ನ ಹೆಸರು ಹೇಳಿದ್ದೇ ತಡ ತಂಗಿ ನನ್ನ ಕೈ ಹಿಡಿದುಕೊಂಡಳು.

"ನೀವಾ! ಅಕ್ಕ ನಿಮ್ಮ ವಿಷಯ ಎಷ್ಟು ಹೇಳ್ತಿದ್ಲು. ಹನ್ನೊಂದು ವರ್ಷದಲ್ಲಿ ಬರಿಯೋಳು ಅಂತ ಸಿಕ್ಕಿದ್ದು ಇವಳೊಬ್ಬಳೇ ಅನ್ನೋಳು."

ಆಮೇಲೆ ಅವಳೇ ಕಾಲೇಜಿನ ಮಾತು ತೆಗೆದಳು. "ಅವತ್ತು ಅರ್ಜಿ ಹಾಕಿದ್ರಲ್ಲ, ಅದು ಹುಡುಗ್ರು ಬರೆದಿದ್ದಲ್ಲವಂತೆ. ಕಮಿಟಿಯೋರು ಯಾರೋ ವಕೀಲನ ಕೈಲಿ ಬರೆಸಿದ್ದಂತೆ. ಅಕ್ಕನೇ ಹೇಳಿದ್ಲು. ನನ್ನ ಮಕ್ಕಳು ಅಂಥಾದ್ದು ಬರಿಯಲ್ಲ ಅಂದ್ಲು."

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಾಯಿ ತಟ್ಟೆ ತಂದಿಟ್ಟರು. ಮುದ್ದೆ, ಹುರುಳಿಕಾಳಿನ ಸಾರು. ಪಕ್ಕದಲ್ಲಿ ಕೂತು ಬಡಿಸಿದರು.

"ನನ್ನ ಮಗಳ ಅನ್ನ ಕಿತ್ಕೊಂಡ ಆ ಲಾಯರಿ" ಎಂದರು ಅಮ್ಮ, ಸಾರಿನ ಸೌಟು ಹಿಡಿದುಕೊಂಡೇ. "ಅದನ್ನ ಬರೆದೋನ ಕೈ ಸೇದೋಗ. ದಿನಾ ದೀಪ ಹಚ್ಚುವಾಗ ಅನ್ಕೊತೀನಿ ಕಣವ್ವ. ಉಣ್ಣು, ಯಾಕೆ ಸುಮ್ಕೆ ಕುಂತೆ? ಉಣ್ಣವ್ವ."

ನಾನು ಉಂಡೆ. ಅದೇ ಕೈಯಲ್ಲಿ ಉಂಡೆ. ಎರಡನೇ ಸಲ ಬಡಿಸಿದಾಗ ಬೇಡ ಎನ್ನಲಾಗದೆ ಅದನ್ನೂ ಉಂಡು, ಕೈ ತೊಳೆದು, "ಬತ್ತೀನಿ ಅಮ್ಮ" ಎಂದು ಹೇಳಿ ಬಂದುಬಿಟ್ಟೆ.

ಆ ತಾಯಿ ಇನ್ನೂ ಇದ್ದಾರೆ, ಇನ್ನೂ ದೀಪ ಹಚ್ಚುತ್ತಾರೆ. ಇದು ಅಚ್ಚಾದ ದಿನವೇ ಒಂದು ಪ್ರತಿ ಅವರ ಮನೆಗೆ ಕಳಿಸುತ್ತೇನೆ. ತಂಗಿ ಓದಿ ಹೇಳಲಿ. ಲಾಯರಿ ಯಾರೂ ಇಲ್ಲಮ್ಮ. ಆ ಶಾಪ ಇಷ್ಟು ವರ್ಷ ದಾರಿ ತಪ್ಪಿ ಅಲೆಯುತ್ತಿದೆ. ನನಗೆ ಹಾಕಿ.