ಅಕ್ಕ ಬಿಟ್ಟ ಅವರೆಕಾಯಿ

ಚಳಿಗಾಲ ಬಂತೆಂದರೆ ನಮ್ಮ ಅಕ್ಕನ ಎರಡೂ ಹೆಬ್ಬೆರಳು ಕಪ್ಪಾಗುತ್ತಿದ್ದವು. ಅವರೆಕಾಯಿ ಸುಲಿದು, ನೆನೆಸಿದ ಕಾಳನ್ನು ಹಿತಕಿ ಹಿತಕಿ ಉಗುರಿನ ಸಂದಿಗೆಲ್ಲ ಕರೆ ಹಿಡಿಯುತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿಕೋ ಎಂದರೆ, "ಇರ್ಲಿ ಬಿಡಮ್ಮಿ, ಈ ವಯಸ್ನಾಗೆ ನನ್ ಕೈ ಹಿಡಿಯೋಕೆ ಯಾರ್ ಬತ್ತಾವ್ರೆ?" ಎನ್ನುತ್ತಿದ್ದಳು.

ಅಕ್ಕ ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಬ್ಯಾಟರಾಯನಪುರದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದು, ಗಂಡ ತೀರಿದ ಮೇಲೆ ಆ ದೊಡ್ಡ ಮನೆಯನ್ನು ಒಬ್ಬಳೇ ನಡೆಸಿದಳು. ಮನೆಗೆಲ್ಲ, ಊರಿಗೆಲ್ಲ ಅವಳು ದೊಡ್ಡವ್ವ. ನಾನೂ ಗಂಡನನ್ನು ಕಳೆದುಕೊಂಡು, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅವಳ ಬಾಗಿಲಿಗೆ ಹೋದಾಗ ಅಕ್ಕ ಏನಾಯಿತೆಂದು ಕೇಳಲಿಲ್ಲ. "ಕೈಕಾಲ್ ತೊಳ್ಕೊಂಡ್ ಬಾ, ಮುದ್ದೆ ಆರೋಯ್ತದೆ" ಎಂದಳು. ನಾನು ಓದಿದ್ದು ಮೂರನೇ ಕ್ಲಾಸು. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಅಕ್ಕನಿಗೆ ದೇವರೆಂದರೆ ಭಯ ಇರಲಿಲ್ಲ, ಸಲಿಗೆ ಇತ್ತು. ಬೆಳಗ್ಗೆ ದೇವರ ಕೋಣೆಗೆ ಹೋದರೆ ತಿಮ್ಮಪ್ಪನ ಪಟದ ಮುಂದೆ ನಿಂತು ಸೋದರಳಿಯನನ್ನು ಗದರುವಂತೆ ಮಾತಾಡುತ್ತಿದ್ದಳು. "ಮಳೆ ಯಾವಾಗ್ ಕೊಡ್ತೀಯ ಯೋಳು, ರಾಗಿ ಬಾಡ್ತಾ ಅದೆ" ಎಂದು ಕೇಳಿ, ಉತ್ತರ ಬಂತೇನೋ ಎಂಬಂತೆ ತಲೆದೂಗಿ ಈಚೆಗೆ ಬರುತ್ತಿದ್ದಳು. ಜಾಲಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ವರ್ಷಗಳು ಅವು. ಒಂದು ಸಲ ಉತ್ತರದ ಕಡೆಯ ಒಬ್ಬ ಸಿಪಾಯಿ ದಾರಿ ತಪ್ಪಿ ಬಂದು ಸನ್ನೆಯಲ್ಲಿ ನೀರು ಕೇಳಿದ. ಅಕ್ಕ ಊಟಕ್ಕೇ ಕೂರಿಸಿದಳು. ಅವನು ಮುದ್ದೆಯನ್ನು ಅಗಿದ, ಅಗಿದ, ಕಣ್ಣಲ್ಲಿ ನೀರು ಬಂತು. "ಅಗೀಬೇಡ ಕಣಪ್ಪ, ನುಂಗು" ಎಂದು ಅಕ್ಕ ತಾನೇ ಒಂದು ತುತ್ತು ನುಂಗಿ ತೋರಿಸಿದಳು. ಆಮೇಲೆ ಅವನು ಊರಿಗೆ ಹೊರಡುವ ಮುನ್ನ ಅವಳ ಕಾಲಿಗೆ ಬೀಳಲೆಂದೇ ಬಂದು ಹೋದ.

ಇನ್ನು ನನ್ನ ವಿಷಯ.

ಆ ಮನೆಯಲ್ಲಿ ವರ್ಷದ ಮೊದಲ ಅವರೆ ದೇವರಿಗೆ ಮೀಸಲು. ಹೊಲದಿಂದ ಮೊದಲ ಕೊಯ್ಲು ಬಂದ ಶನಿವಾರ ಹಿತಕಿದ ಬೇಳೆ ಸಾರು ಮಾಡಿ ಎಡೆ ಇಡುವ ತನಕ ಯಾರೂ ಒಂದು ಕಾಳನ್ನೂ ಬಾಯಿಗೆ ಹಾಕುವಂತಿಲ್ಲ. ಅಕ್ಕ ಹೊಲದಲ್ಲಿ ಕೊಯ್ಯುವಳು, ನಾನು ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಅಡುಗೆ ಮಾಡುವೆನು. ದೇವರ ಅಡುಗೆಯ ರುಚಿ ನೋಡಬಾರದು. ಸಪ್ಪೆಯೋ ಉಪ್ಪೋ, ಇದ್ದ ಹಾಗೆ ಇಡಬೇಕು.

ಆ ವರ್ಷ ನನಗೆ ಮಗಳ ಮದುವೆಯ ಯೋಚನೆ. ಉಪ್ಪು ಒಮ್ಮೆ ಹಾಕಿದೆನೋ ಎರಡು ಸಲ ಹಾಕಿದೆನೋ ಮರೆತುಹೋಯಿತು. ಸೌಟಿನ ತುದಿಯಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿಬಿಟ್ಟೆ. ಕೂಡಲೇ ಹೇಳಿದ್ದರೆ ಬೇರೆ ಮಾಡಬಹುದಿತ್ತು. ಗಂಡಸರು ಹಸಿದು ಕೂತಿದ್ದರು. ಸುಮ್ಮನೆ ಕೈ ತೊಳೆದುಕೊಂಡೆ. ಎಡೆ ಆಯಿತು.

ಅದೇ ವಾರ ಅಕ್ಕನ ಮೊಮ್ಮಗನಿಗೆ ಜ್ವರ ಹತ್ತಿತು. ವಿಷಮಜ್ವರ. ಹುಡುಗ ಒಂದು ತಿಂಗಳು ನಮ್ಮವನಲ್ಲ ಎಂಬಂತೆ ಮಲಗಿದ್ದ. ಸೇವೆಯಲ್ಲಿ ಊನ ಆಗಿದೆ ಎಂದು ಊರ ಹಿರಿಯರು ಅಂದರು. ಅಕ್ಕ ಯಾರನ್ನೂ ಕೇಳಲಿಲ್ಲ, ಯಾರನ್ನೂ ಅನುಮಾನಿಸಲಿಲ್ಲ. "ಕುಯ್ಯೋವಾಗ ನಾನೇ ಒಂದ್ ಕಾಳು ಬಾಯಿಗ್ ಆಕ್ಕೊಂಡ್ನೋ ಏನೋ. ಅವರೆ ಅಂದ್ರೆ ಸಾಯ್ತೀನಲ್ಲ, ನಂದೇ ನಾಲಗೆ" ಎಂದು ದೇವರ ಮುಂದೆ ನಿಂತು ಅವರೆಕಾಯಿಯನ್ನೇ ಬಿಟ್ಟಳು. ಹುಡುಗ ಉಳಿದ. ಅಕ್ಕ ಮತ್ತೆ ಅವರೆಯನ್ನು ಬಾಯಿಗೆ ಹಾಕಲಿಲ್ಲ.

ಆಗ ನಾನು ಹೇಳಬೇಕಿತ್ತು. ಮೀಸಲು ಮುರಿದವಳ ಮಗಳು ಎಂದರೆ ಯಾರು ತಂದುಕೊಳ್ಳುತ್ತಾರೆ? ಮಗಳ ಮದುವೆಯಾಗಲಿ ಎಂದುಕೊಂಡೆ. ಚಿಕ್ಕಜಾಲದ ಕಡೆ ಒಳ್ಳೆಯ ಮನೆಗೇ ಸೇರಿದಳು. ಆಮೇಲೆ ಬಾಣಂತನ ಮುಗಿಯಲಿ ಎಂದುಕೊಂಡೆ. ನೆಪಗಳಿಗೇನು ಬರ? ಚಳಿಗಾಲದ ಮೇಲೆ ಚಳಿಗಾಲ ಅಕ್ಕ ಮನೆಮಂದಿಗೆಲ್ಲ ಮೊರದ ತುಂಬ ಬೇಳೆ ಹಿತಕಿ ಕೊಟ್ಟು, ತಾನು ಉಪ್ಪುಸಾರಿನಲ್ಲಿ ಉಂಡಳು. ನಾನು ಎದುರಿಗೆ ಕೂತು ಆ ಬೇಳೆಯನ್ನೇ ಉಂಡೆ.

ಹುಡುಗ ದೊಡ್ಡವನಾದ. ಸೈಕಲ್ಲಿನಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗುತ್ತಿದ್ದ. ಮದುವೆಯಾಯಿತು. ಹೊಸ ಸೊಸೆಗೆ ಇದೇನೂ ಗೊತ್ತಿಲ್ಲ. "ಒಂದ್ ಸೌಟು ಆಕುಸ್ಕೊಳಿ ದೊಡ್ಡವ್ವ" ಎಂದು ಬಡಿಸಲು ಬಂದಳು. ಅಕ್ಕ ತಟ್ಟೆ ಸರಿಸಿ, "ಬ್ಯಾಡ ಮಗ. ಈ ನಾಲಗೆಯಿಂದ ನಿನ್ ಗಂಡ ಸಾಯ್ಬೇಕಾಗಿತ್ತು" ಎಂದಳು. ಆ ಹುಡುಗಿ ಬೆಚ್ಚಿ ನಿಂತಳು. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡೆ.

ಮಧ್ಯಾಹ್ನ ಜಗಲಿಯ ಮೇಲೆ ನಾವಿಬ್ಬರೇ ಕಾಳು ಹಿತಕುತ್ತಿದ್ದಾಗ ಹೇಳಿದೆ. ತಲೆ ಎತ್ತದೆ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಕ್ಕನ ಕೈ ನಿಂತಿತು.

"ಅಂಗಾದ್ರೆ ನಾನಲ್ವಾ?"

"ನೀನಲ್ಲ ಅಕ್ಕ."

"ನಾನ್ ಕಾಳು ತಿಂದಿರ್ನಿಲ್ವಾ?"

"ಇಲ್ಲ ಕಣಕ್ಕ. ನಂದೇ ತಪ್ಪು."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ, ಈಗ ಮನೆ ಬಿಟ್ಟು ನಡಿ ಎನ್ನುತ್ತಾಳೆ ಎಂದು ಕಾದೆ. ಸೆರಗು ತೆಗೆದಾಗ ಕಣ್ಣು ಒದ್ದೆಯಾಗಿದ್ದರೂ ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಾಣದಿದ್ದ ಒಂದು ಹಗುರ ಇತ್ತು.

"ಉಪ್ಪು ಸರಿಗಿತ್ತಾ?"

"ಸರಿಯಾಗಿತ್ತು."

"ಅದುನ್ ನೋಡೋಕೋಗಿ ಇಷ್ಟ್ ವರ್ಸದ್ ಅವರೆ ನನ್ ಬಾಯಿಂದ ಕಿತ್ಕೊಂಡಲ್ಲೇ, ಮುಂಡೇದೆ" ಎಂದು ತಲೆಗೆ ಮೊಟಕಿದಳು. ನೋವಾಗುವಂತೆಯೇ ಮೊಟಕಿದಳು. ಆಮೇಲೆ ಎದ್ದು ದೇವರ ಕೋಣೆಗೆ ಹೋದಳು. ಒಳಗೆ ಬಹಳ ಹೊತ್ತು ಮಾತು ನಡೆಯಿತು. ಈಚೆಗೆ ಬಂದವಳು, "ಒಪ್ಪಂದ ಆಯ್ತು. ಇನ್ಮೇಲಿಂದ ನಾನ್ ತಿನ್ಬೇಕಂತೆ, ನೀನ್ ಬಿಡ್ಬೇಕಂತೆ" ಎಂದಳು.

ಅಂದು ಸಂಜೆ ಹೊಸ ಸೊಸೆಯೇ ಬಡಿಸಿದಳು. ಅಕ್ಕ ಮೊದಲ ತುತ್ತನ್ನು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಳು. ಬಳಿಕ ಮೂರು ಸಲ ಹಾಕಿಸಿಕೊಂಡಳು. ಯಾಕೆ, ಏನು ಎಂದು ಮನೆಯವರು ಕೇಳಿದರೆ, "ದೇವ್ರು ಅಪ್ಪಣೆ ಕೊಟ್ಟ" ಎಂದಳೇ ಹೊರತು ನನ್ನ ಹೆಸರು ಎತ್ತಲಿಲ್ಲ. ಸಾಯುವವರೆಗೂ ಎತ್ತಲಿಲ್ಲ.

ಇನ್ನೂ ಎರಡು ಚಳಿಗಾಲ ಅವಳು ಹೊಟ್ಟೆ ತುಂಬ ಅವರೆ ಉಂಡಳು. ಅದಾದ ಆಷಾಢದಲ್ಲಿ, ಮಕ್ಕಳು ಮೊಮ್ಮಕ್ಕಳೆಲ್ಲ ಸುತ್ತ ಇದ್ದಾಗ, ನೀರು ಕೇಳಿ ಕುಡಿದು ಮಲಗಿದವಳು ಏಳಲಿಲ್ಲ.

ನಾನು ಒಪ್ಪಂದ ಮುರಿದಿಲ್ಲ. ಎಲ್ಲರೂ ಹಿತಕಿದ ಬೇಳೆ ಉಣ್ಣುವಾಗ ನನ್ನ ತಟ್ಟೆಗೆ ಕೈ ಅಡ್ಡ ಹಿಡಿಯುತ್ತೇನೆ. ಅವರೆ ನನಗೆ ಆಗಿಬರುವುದಿಲ್ಲ ಎಂದು ಹುಡುಗರು ತಿಳಿದಿದ್ದಾರೆ. ಆಗಿಬರುತ್ತದೆ. ಆ ವಾಸನೆಗೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಆದರೂ ಆ ಪಂಕ್ತಿಯಲ್ಲಿ ತಲೆ ಎತ್ತಿ ಕೂರುತ್ತೇನೆ.