ಬೋರಲು ಮಲಗಿದ ಅಕ್ಕ

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್ ಕೇಳಿದರು: "ಪೇಷಂಟ್ ಜೋಡಿ ಯಾರ ಅದೀರಿ?"

"ನಾ ಅದೀನ್ರಿ," ಎಂದಳು ನನ್ನ ಅಕ್ಕ.

"ಮತ್ತ ಪೇಷಂಟ್ ಎಲ್ಲಿ ಹೋದ್ರು?"

ಅಕ್ಕ ತಿರುಗಿ ನನ್ನ ಮುಖ ನೋಡಿದಳು. ಕಣ್ಣು ಕೆಟ್ಟಿದ್ದು ಅವಳದೇ. ನಾನು ಬರೀ ಚೀಲ ಹಿಡಿದು ಬಂದವನು.

ಧಾರವಾಡದ ನಮ್ಮ ಓಣಿಯಲ್ಲಿ ಯಾರಿಗೆ ಜಡ್ಡಾದರೂ ಆಸ್ಪತ್ರೆಗೆ ಜೊತೆ ಹೋಗುವವಳು ಅಕ್ಕನೇ. ಹೀಗಾಗಿ ಆ ಉತ್ತರ ಬಾಯಿಗೆ ತಾನಾಗಿ ಬಂದಿರಬೇಕು. ಕಣ್ಣಿನ ಮೂಲೆಗೆ ಕಪ್ಪು ನೆರಳು ಇಳಿಯತೊಡಗಿದ ಮೇಲೂ ಪಕ್ಕದ ಮನೆಯ ಹುಡುಗಿಯ ಹೆರಿಗೆ ಮುಗಿಯಲೆಂದು ಕಾದಿದ್ದಳು. ನಾನು ಎಲ್ಲರಿಗೂ ಹಾಗೆಂದೇ ಹೇಳುತ್ತ ಬಂದಿದ್ದೆ. ತ್ಯಾಗದ ಕಥೆ ಹೇಳುವುದು ಸುಲಭ. ಈಚೆಗೆ ಅವಳೇ ತಿದ್ದಿದಳು: "ಹೆರಿಗಿ ಒಂದ್ ನೆವ ಆಗಿತ್ತು. ನನಗ ಆಪರೇಷನ್ ಅಂದ್ರ ಅಂಜಿಕಿ."

ಹಾಗಾದರೆ ಹಿಂದಿನ ಉಪಕಾರಗಳಲ್ಲಿ ಅಂಜಿಕೆಯವು ಯಾವುವು, ಪ್ರೀತಿಯವು ಯಾವುವು? ಕೇಳಿದರೆ ನಗುತ್ತಾಳೆ. ಅವಳಿಗೂ ಗೊತ್ತಿರಲಿಕ್ಕಿಲ್ಲ.

ಆಪರೇಷನ್ ಮಾಡಿ ಕಣ್ಣಿನೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದರು. ಒಳಗೆ ಕಳಚಿಕೊಂಡ ಪರದೆಯನ್ನು ಅದು ಒತ್ತಿ ಹಿಡಿಯಬೇಕು. ಅದಕ್ಕಾಗಿ ಅಕ್ಕ ಬೋರಲಾಗಿಯೇ ಮಲಗಿರಬೇಕು. ತಲೆ ಎತ್ತಿದರೆ ಕಣ್ಣು ಉಳಿಯುವ ಭರವಸೆ ಇಲ್ಲ ಎಂದಿದ್ದರು ಡಾಕ್ಟರು.

ಪಕ್ಕದ ಹಾಸಿಗೆಯಲ್ಲಿ ಉಪ್ಪಿನಬೆಟಗೇರಿಯ ಅಜ್ಜಿಯೊಬ್ಬಳಿದ್ದಳು. ಅವಳ ಒಂದು ಕಣ್ಣಿಗೂ ಪಟ್ಟಿ, ಇನ್ನೊಂದು ಮೊದಲೇ ಮಂಜು. ಅಕ್ಕ ಹೇಗೆ ಮಲಗಿದ್ದಾಳೆಂಬುದು ಅವಳಿಗೆ ಕಾಣದು. ಮುಂದಿನದು ನಾನು ಗುಳಿಗೆ ತರಲು ಕೆಳಗೆ ಹೋಗಿದ್ದಾಗ ನಡೆದದ್ದು, ಇಬ್ಬರ ಬಾಯಿಂದಲೂ ಕೇಳಿ ನಾನು ಕೂಡಿಸಿಕೊಂಡದ್ದು.

"ಯವ್ವಾ, ಗಂಟಲ ಒಣಗೈತಿ. ಒಂದೀಟು ನೀರು ಕೊಡಬೇ," ಎಂದಳು ಅಜ್ಜಿ.

"ನನಗ ಏಳಾಕ ಬರಂಗಿಲ್ಲಜ್ಜಿ. ತಡೀರಿ, ಸಿಸ್ಟರ್‌ನ ಕರೀತೇನಿ."

"ನೀರ ಕೊಡಾಕ ಸಿಸ್ಟರ್ ಬೇಕೇನ? ಅತ್ತಿ ಮನ್ಯಾಗೂ ಹಿಂಗ ಬಿದ್ಕೊಂಡಿರ್ತಿದ್ಯೇನ?"

ಅಕ್ಕ ಕಾರಣ ಹೇಳಬಹುದಿತ್ತು. ಹೇಳಲಿಲ್ಲವಂತೆ. ತನ್ನ ನೋವು ಹೇಳಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದೇ ಅವಳಿಗೆ ಹಗುರವಾಗಿತ್ತೇ?

ನಾನು ಮರಳಿ ಬಂದಾಗ ನರ್ಸ್ ಅಜ್ಜಿಗೆ ನೀರು ಕುಡಿಸುತ್ತಿದ್ದರು. ಗುಟುಕಿನ ನಡುವೆಯೂ ಅಜ್ಜಿಯ ಬೈಗುಳ ನಿಂತಿರಲಿಲ್ಲ. ಅಕ್ಕನ ಮುಖ ದಿಂಬಿನಲ್ಲಿ ಹುದುಗಿತ್ತು. ಆದರೆ ಒಂದು ಕಾಲು ಮಾತ್ರ ಮಂಚದಿಂದ ಇಳಿದು, ಬೆರಳು ನೆಲಕ್ಕೆ ತಾಗುತ್ತಿತ್ತು. ಏಳಲು ಹೊರಟು ತಡೆದುಕೊಂಡ ಕಾಲು ಅದು ಎಂದುಕೊಂಡೆ. ಅಂಥದ್ದೇನೂ ಇರಲಿಲ್ಲ ಎನ್ನುತ್ತಾಳೆ ಅಕ್ಕ. ಅದನ್ನು ಕಂಡೆನೋ, ಕಥೆಗೆ ಬೇಕೆಂದು ನಾನೇ ಇಳಿಸಿದೆನೋ, ಆಣೆ ಮಾಡಲಾರೆ.

ಕಣ್ಣು ಉಳಿಯಿತು, ಪೂರ್ತಿಯಲ್ಲ. ಸೂಜಿಗೆ ದಾರ ಪೋಣಿಸಲಾಗದು. ಎದುರು ಬಂದವರ ಗುರುತು ಹತ್ತುತ್ತದೆ. ಒಮ್ಮೆ ಚಹಾ ಕುಡಿಯುತ್ತ ಕೇಳಿದೆ: "ಅವತ್ತ ಆ ಅಜ್ಜಿಗೆ ಆಗಂಗಿಲ್ಲ ಅಂದ್ಯಲ್ಲ, ಹೆಂಗನಿಸ್ತಕ್ಕಾ?"

"ಕಳ್ಳತನ ಮಾಡಿದಂಗಾತು," ಎಂದಳು. ಚಹಾದ ಕಪ್ಪು ಕೆಳಗಿಟ್ಟು, "ಖರೇ ಹೇಳಲೇನ? ಅಕಿ ಬೈಯೂದು ಕೇಳ್ಕೋತ ಕೇಳ್ಕೋತ ನನಗ ಛಲೋ ನಿದ್ದಿ ಹತ್ತಿತು."